ಮಳೆ ನಿಲ್ಲಲಿ ಎಂದು ಕಾಯಬೇಡಿ

ಪ್ರಶ್ನೆ: ಮೇಡಂ, ನಮ್ಮ ಮಗ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂ.ಎಸ್ಸಿ. ಮುಗಿಸಿದ್ದಾನೆ. ನವೆಂಬರ್ ಕೊನೆಗೆ ಘಟಿಕೋತ್ಸವ. ನಾನು, ನಮ್ಮ ಯಜಮಾನರು, ಐದನೇ ಕ್ಲಾಸಿನ ಕಿರಿಮಗಳು, ಮಂಡಿನೋವಿರುವ 70 ವರ್ಷದ ಅತ್ತೆ, ಇಷ್ಟು ಜನ ಆರು ದಿನಕ್ಕೆ ಹೊರಟಿದ್ದೇವೆ. ಕೇಳಿದವರೆಲ್ಲ "ಅಲ್ಲಿ ಬರೀ ಮಳೆ, ಚಳಿ, ರೂಮಲ್ಲೇ ಕೂತು ಬರ್ತೀರಿ" ಎನ್ನುತ್ತಿದ್ದಾರೆ. ಸಾಲ ಮಾಡಿ ಹೋಗುತ್ತಿದ್ದೇವೆ, ಮನಸ್ಸಿಗೆ ಅಳುಕು. ಹೇಗೆ ತಯಾರಾಗಬೇಕು? ಅತ್ತೆಯನ್ನೂ ಕರೆದುಕೊಂಡು ಏನೇನು ನೋಡಬಹುದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗ ಓದು ಮುಗಿಸಿದ್ದಕ್ಕೆ ಮೊದಲು ನಿಮಗೆಲ್ಲ ಅಭಿನಂದನೆ. ಹೆದರಿಸಿದವರಿಗೆ ಈ ಲೆಕ್ಕ ಹೇಳಿ. ಎಡಿನ್‌ಬರೊದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ನಿಮ್ಮ ದಾವಣಗೆರೆಯದು 650ರ ಆಸುಪಾಸು. ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ನಮ್ಮ ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡ ಸ್ಕಾಟ್ಲೆಂಡಿನ ಪಶ್ಚಿಮದ ಗುಡ್ಡಗಳ ಮೇಲೆ ಹೆಚ್ಚಿನದನ್ನು ಸುರಿದು, ಉಳಿದದ್ದನ್ನು ಹೊತ್ತು ಪೂರ್ವ ಕರಾವಳಿಯ ಈ ಊರಿಗೆ ಬರುತ್ತದೆ. ಘಟ್ಟದ ಮಳೆ ನಿಮ್ಮೂರು ಮುಟ್ಟುವ ಹೊತ್ತಿಗೆ ತೆಳ್ಳಗಾಗುತ್ತದಲ್ಲ, ಹಾಗೆಯೇ.

ಆದರೆ ಆ ಮಳೆ ನಮ್ಮಲ್ಲಿಯಂತೆ ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುವುದಿಲ್ಲ. ವರ್ಷವಿಡೀ, ನೂರಿಪ್ಪತ್ತಕ್ಕೂ ಹೆಚ್ಚು ದಿನ, ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ. ಬೆಳಿಗ್ಗೆ ಹನಿ, ಹತ್ತಕ್ಕೆ ಬಿಸಿಲು, ಹನ್ನೊಂದಕ್ಕೆ ಮತ್ತೆ ಹನಿ. ಮಳೆ ನಿಂತ ಮೇಲೆ ಹೊರಡೋಣ ಎಂದು ಕಿಟಕಿಯ ಬಳಿ ಕೂತರೆ ದಿನವೇ ಕಳೆದುಹೋಗುತ್ತದೆ. ನವೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಮುಳುಗುವುದು ನಾಲ್ಕಕ್ಕೂ ಮುಂಚೆ. ನಿಮ್ಮ ಕೈಗೆ ಸಿಗುವ ಬೆಳಕು ಏಳೂವರೆ ಗಂಟೆ ಮಾತ್ರ.

ನಾವು ಹೋದದ್ದೂ ನವೆಂಬರ್‌ನಲ್ಲೇ. ನಾದಿನಿ ಆಗ ಅಲ್ಲಿ ಕೆಲಸದಲ್ಲಿದ್ದಳು. ನಾನು, ನಮ್ಮವರು, 74 ವರ್ಷದ ಅತ್ತೆ ಹೋಗಿದ್ದೆವು. ಮೊದಲ ದಿನವೇ ಕ್ಯಾಲ್ಟನ್ ಹಿಲ್‌ಗೆ ಹೊರಟೆವು. ನೂರು ಮೀಟರಿನ ಚಿಕ್ಕ ಗುಡ್ಡ, ಮಲೆನಾಡಿನವರಿಗೆ ಇದೇನು ಮಹಾ ಎಂದುಕೊಂಡಿದ್ದೆ. ಅತ್ತೆ ಹತ್ತಿ ಸೀರೆ ಉಟ್ಟು ಮೇಲೊಂದು ಸ್ವೆಟರ್ ಹಾಕಿದ್ದರು, ಕಾಲಿಗೆ ಬಟ್ಟೆಯ ಶೂ. ಬೀಳುತ್ತಿದ್ದದ್ದು ನಮ್ಮೂರಿನ ಲೆಕ್ಕದಲ್ಲಿ ಮಳೆಯೇ ಅಲ್ಲ. ಗಾಳಿ ಮಾತ್ರ ಕೊಡೆಯನ್ನು ಹಿಂದುಮುಂದಾಗಿ ಮಡಚಿ ಹಾಕಿತು. ಅರ್ಧ ಗಂಟೆಯಲ್ಲಿ ಸೀರೆಯ ಅಂಚು ನೆನೆದು ಕಣಕಾಲಿಗೆ ಅಂಟಿಕೊಂಡಿತು, ಕಾಲುಚೀಲ ತೊಯ್ದುಹೋಯಿತು. ಅತ್ತೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಆಸರೆಗೆಂದು ಕೈ ಹಿಡಿದೆ ನೋಡಿ, ಬೆರಳು ಮರಗಟ್ಟಿದ್ದವು. ಎರಡು ಗಂಟೆಗೆಲ್ಲ ಮನೆಗೆ ಮರಳಿ ಅವರನ್ನು ಬೆಚ್ಚಗೆ ಹೊದಿಸಿ ಕೂರಿಸಿದೆವು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹಿರಿಯರು ಕಷ್ಟ ಹೇಳಿಕೊಳ್ಳುವುದಿಲ್ಲ, ಮಕ್ಕಳ ಖುಷಿ ಕೆಡಬಾರದೆಂದು ಸುಮ್ಮನೆ ಜೊತೆಗೆ ಬರುತ್ತಾರೆ. ಗಂಟೆಗೊಮ್ಮೆ ನಿಮ್ಮ ಅತ್ತೆಯ ಕೈ ಮುಟ್ಟಿ ನೋಡಿ. ನನ್ನ ಸಲಹೆಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮರುದಿನ ಕಾಫಿ ಕುಡಿಯುತ್ತ ಅತ್ತೆಯೇ ಹೇಳಿದರು, "ನಿಮ್ಮ ಮಾವ ಗದ್ದೆಗೆ ಕಂಬಳಿಕೊಪ್ಪೆ ಹಾಕ್ಕೊಂಡು ಹೋಗ್ತಿದ್ದದ್ದು ಸುಮ್ನೆ ಅಲ್ಲ ಕಣೇ." ನಮ್ಮ ಕಡೆ ನಾಟಿ ಕಾಲದಲ್ಲಿ ಕಂಬಳಿಯನ್ನು ಕೊಪ್ಪೆ ಮಡಚಿ ತಲೆಯ ಮೇಲಿಂದ ಇಳಿಬಿಟ್ಟು ಇಡೀ ದಿನ ಮಳೆಯಲ್ಲಿ ನಿಲ್ಲುತ್ತಿದ್ದರು. ಉಣ್ಣೆ ಒದ್ದೆಯಾದರೂ ಮೈಶಾಖವನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಹತ್ತಿ ನೀರು ಕುಡಿದು ಮೈಗಂಟಿ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ಕಾಟ್ಲೆಂಡಿನ ಕುರಿಗಾಹಿಗಳೂ ಉಣ್ಣೆಯ ಉದ್ದ ಹೊದಿಕೆ ಸುತ್ತಿಕೊಂಡೇ ಅಲ್ಲಿನ ಗುಡ್ಡಗಳಲ್ಲಿ ತಿರುಗಿದವರು. ಎರಡು ದೂರದ ನಾಡಿನವರು ಮಳೆಗೆ ಒಂದೇ ಉಪಾಯ ಕಂಡುಕೊಂಡಿದ್ದರೆಂದು ನನಗೆ ಬಹಳ ಸಂತೋಷವಾಯಿತು.

ಹಾಗಾಗಿ ಜೀನ್ಸ್, ಹತ್ತಿ ಕಾಲುಚೀಲ ಮನೆಯಲ್ಲೇ ಬಿಡಿ. ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಎಲ್ಲಕ್ಕಿಂತ ಮೇಲೆ ನೀರನ್ನೂ ಗಾಳಿಯನ್ನೂ ತಡೆಯುವ, ತಲೆಗೆ ಟೋಪಿ ಇರುವ ಉದ್ದ ಜಾಕೆಟ್. ಕೊಡೆಯನ್ನು ನಂಬಬೇಡಿ. ಉಣ್ಣೆಯ ಕಾಲುಚೀಲ ಒಬ್ಬೊಬ್ಬರಿಗೆ ಮೂರು ಜೊತೆ, ಅದರಲ್ಲಿ ಒಂದು ಜೊತೆ ಯಾವಾಗಲೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೆಗಲ ಚೀಲದಲ್ಲಿರಲಿ. ಅತ್ತೆ ಸೀರೆಯನ್ನೇ ಉಡುತ್ತಾರಾದರೆ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಸಿ, ಹತ್ತಿಯ ಬದಲು ಬೇಗ ಒಣಗುವ ಸಿಂಥೆಟಿಕ್ ಸೀರೆ ಕೊಡಿ, ಕಣಕಾಲಿನ ಮೇಲಕ್ಕೆ ಎತ್ತಿ ಉಡಲಿ. ಶೂಗಳ ತಳಕ್ಕೆ ಒಳ್ಳೆಯ ಹಿಡಿತ ಬೇಕು. ಕೋಟೆಯಿಂದ ಅರಮನೆಯವರೆಗಿನ ರಾಯಲ್ ಮೈಲ್ ರಸ್ತೆಯುದ್ದಕ್ಕೂ ಕಲ್ಲುಹಾಸು, ಮಳೆಗೆ ಜಾರುತ್ತದೆ. ರಾತ್ರಿ ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿಡಿ, ನೀರು ಹೀರಿಕೊಳ್ಳುತ್ತದೆ.

ಇನ್ನು ತಿರುಗಾಟ. ನಾವು ಎರಡನೇ ದಿನದಿಂದ ಒಂದು ಪದ್ಧತಿ ಹಾಕಿಕೊಂಡೆವು: ಬಯಲಲ್ಲಿ ಒಂದು ಗಂಟೆ, ಸೂರಿನಡಿ ಎರಡು ಗಂಟೆ. ಎಡಿನ್‌ಬರೊ ಇದಕ್ಕೆ ಹೇಳಿ ಮಾಡಿಸಿದ ಊರು. ಚೇಂಬರ್ಸ್ ಸ್ಟ್ರೀಟಿನಲ್ಲಿರುವ ನ್ಯಾಷನಲ್ ಮ್ಯೂಸಿಯಂ ಆಫ್ ಸ್ಕಾಟ್ಲೆಂಡ್‌ಗೆ ಪ್ರವೇಶ ಉಚಿತ. 1996ರಲ್ಲಿ ಹುಟ್ಟಿದ ತದ್ರೂಪಿ ಕುರಿ ಡಾಲಿಯನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಿಮ್ಮ ಮಗಳು ಮುಂದೊಂದು ದಿನ ವಿಜ್ಞಾನದ ಪುಸ್ತಕದಲ್ಲಿ ಓದುವ ಅದೇ ಕುರಿ. 1831ರಲ್ಲಿ ಲೂಯಿಸ್ ದ್ವೀಪದಲ್ಲಿ ಸಿಕ್ಕ, ಬಹುಪಾಲು ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ ಕೆತ್ತಿದ ಚದುರಂಗದ ಕಾಯಿಗಳಲ್ಲಿ ಹನ್ನೊಂದು ಇಲ್ಲಿವೆ, ಮಿಕ್ಕವುಗಳಲ್ಲಿ ಹೆಚ್ಚಿನವು ಲಂಡನ್ನಿನಲ್ಲಿ. ನಾದಿನಿಯ ಏಳು ವರ್ಷದ ಮಗ ಆ ಕಾಯಿಗಳ ಮುಖಭಾವ ನೋಡುತ್ತ ಅಲ್ಲಿಂದ ಏಳಲೇ ಇಲ್ಲ. ಲಿಫ್ಟ್ ಇದೆ, ಕೂರಲು ಬೆಂಚುಗಳಿವೆ, ಬೆಚ್ಚಗಿದೆ. ಟಿಕೆಟ್ ಇಲ್ಲವಾದ್ದರಿಂದ ಒಂದೇ ಸಲಕ್ಕೆ ಎಲ್ಲ ನೋಡಬೇಕೆಂಬ ಅವಸರ ಬೇಡ, ಮೂರು ದಿನ ಮೂರು ಸಲ ಹೋಗಿ.

ಘಟಿಕೋತ್ಸವ ನಡೆಯುವ ಮೆಕ್‌ಯೂವನ್ ಹಾಲ್ ಈ ಮ್ಯೂಸಿಯಂಗೆ ಐದಾರು ನಿಮಿಷದ ದಾರಿ. ಅತಿಥಿಗಳಿಗೆ ಎಷ್ಟು ಟಿಕೆಟ್ ಸಿಗುತ್ತದೆ ಎಂದು ಮಗನಿಂದ ಈಗಲೇ ಕೇಳಿಸಿ. ಎಲ್ಲರಿಗೂ ಸಿಗದಿದ್ದರೆ ಉಳಿದವರು ಚಳಿಯಲ್ಲಿ ನಿಲ್ಲದೆ ಮ್ಯೂಸಿಯಂನಲ್ಲಿ ಇರಬಹುದು. ಪದವಿ ಕೊಡುವಾಗ ಅಲ್ಲಿ ಒಂದು ಹಳೆಯ ಟೋಪಿಯಿಂದ ತಲೆ ಮುಟ್ಟುತ್ತಾರೆ. ಧರ್ಮಸುಧಾರಕ ಜಾನ್ ನಾಕ್ಸನ ಷರಾಯಿಯ ಬಟ್ಟೆಯಿಂದ ಹೊಲಿದದ್ದು ಎಂದು ಪ್ರತೀತಿ. ಆ ಕ್ಷಣ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಫೋಟೊ ತೆಗೆಯುವವರು ಮೊದಲೇ ಎದ್ದು ತಯಾರಿರಿ.

ಕೋಟೆ ನೋಡದೆ ಬರಬೇಡಿ. ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ ಕಟ್ಟಿದ್ದು. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ, ಆ ದಿನ ಬೆಳಿಗ್ಗೆ ಅವರ ವೆಬ್‌ಸೈಟ್ ನೋಡಿಕೊಂಡೇ ಹೊರಡಿ, ಗಾಳಿ ವಿಪರೀತವಾದರೆ ಬಾಗಿಲು ಹಾಕುತ್ತಾರೆ. ಒಳಗೆ ಕಡಿದಾದ ಏರು. ನಡೆಯಲಾಗದವರನ್ನು ಮೇಲಕ್ಕೆ ಒಯ್ಯುವ ವಾಹನವಿದೆ, ಗೇಟಿನಲ್ಲೇ ಸಿಬ್ಬಂದಿಯನ್ನು ಕೇಳಿ, ಸಂಕೋಚ ಬೇಡ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮೇಲಿರುವಂತೆ ನೋಡಿಕೊಳ್ಳಿ. ಭಾನುವಾರ, ಗುಡ್ ಫ್ರೈಡೆ, ಕ್ರಿಸ್‌ಮಸ್ ಬಿಟ್ಟು ದಿನವೂ ಆಗ ತೋಪು ಹಾರಿಸುತ್ತಾರೆ. ಇದಕ್ಕೂ ಅಲ್ಲಿನ ಹವೆಗೂ ಸಂಬಂಧವಿದೆ. ಬಂದರಿನ ಹಡಗುಗಳು ಗಡಿಯಾರ ಸರಿಮಾಡಿಕೊಳ್ಳಲೆಂದು ಕ್ಯಾಲ್ಟನ್ ಹಿಲ್ ಮೇಲಿನ ಗೋಪುರದಿಂದ ಒಂದು ಗಂಟೆಗೆ ದೊಡ್ಡ ಗುಂಡೊಂದನ್ನು ಕೆಳಗಿಳಿಸುತ್ತಿದ್ದರು. ಮಂಜು ಮುಸುಕಿದ ದಿನ ಅದು ಕಾಣುತ್ತಿರಲಿಲ್ಲ. ಕಣ್ಣಿಗೆ ಕಾಣದಿದ್ದರೆ ಕಿವಿಗಾದರೂ ಕೇಳಲಿ ಎಂದು 1861ರಲ್ಲಿ ತೋಪು ಶುರುಮಾಡಿದರು.

ಆರ್ಥರ್ಸ್ ಸೀಟ್ ಎಂಬ 251 ಮೀಟರಿನ ಗುಡ್ಡವನ್ನು ಮಗ ಗೆಳೆಯರೊಡನೆ ಹತ್ತಿರುತ್ತಾನೆ, ನಿಮ್ಮನ್ನೂ ಕರೆಯುತ್ತಾನೆ. ನವೆಂಬರಿನ ಒದ್ದೆಯಲ್ಲಿ ಬೇಡ ಎನ್ನಿ.

ಅದರ ಬದಲು ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು ಹಿಡಿದು ಸೌತ್ ಕ್ವೀನ್ಸ್‌ಫೆರಿಗೆ ಹೋಗಿ. ಮೆಟ್ಟಿಲು ಹತ್ತಲಾಗದಿದ್ದರೆ ಅತ್ತೆ ಕೆಳಗೇ ಕೂರಲಿ, ಅಲ್ಲೂ ದೊಡ್ಡ ಕಿಟಕಿಗಳು. 1890ರಲ್ಲಿ ಮುಗಿದ ಫೋರ್ತ್ ರೈಲು ಸೇತುವೆ ಅಲ್ಲಿದೆ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ಉಕ್ಕಿನಲ್ಲಿ ಕಟ್ಟಿದ್ದು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಾವು ಹೋದಾಗ ಮಂಜಿನಲ್ಲಿ ಸೇತುವೆಯ ಆಚೆ ತುದಿ ಕಾಣಿಸದೆ, ರೈಲು ಆಕಾಶದೊಳಗೆ ಹೋದಂತೆ ಹೋಯಿತು. ಬಿಸಿಲಿನ ದಿನ ಹೋಗಿದ್ದರೆ ಆ ನೋಟ ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು, ಆದರೆ ಒಬ್ಬೊಬ್ಬ ದೊಡ್ಡವರಿಗೂ ಬೇರೆ ಬೇರೆ ಕಾರ್ಡ್ ಬೇಕು. ನಗದು ಕೊಟ್ಟರೆ ಚಿಲ್ಲರೆ ವಾಪಸ್ ಕೊಡುವುದಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಎಡಿನ್‌ಬರೊದ ಚಳಿಯಲ್ಲಿ ಬಿಸಿಯಾಗಿ ತಿನ್ನಲು ಏನು ಸಿಗುತ್ತದೆ? ಅಲ್ಲಿರುವ ಮಗಳ ಮನೆಗೆ ಬೆಣ್ಣೆ ಕಾಯಿಸಿದ ತುಪ್ಪ ಒಯ್ಯಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತುಪ್ಪ ಬೇಡ. ಭಾರತದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಅಷ್ಟು ಪ್ರೀತಿಯಿಂದ ಕಾಯಿಸಿದ್ದನ್ನು ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹಾಕಬೇಕಾಗುತ್ತದೆ. ಚಟ್ನಿಪುಡಿ, ಖಡಕ್ ರೊಟ್ಟಿ, ಹಚ್ಚಿದ ಅವಲಕ್ಕಿ ಒಯ್ಯಿರಿ.

ಅಲ್ಲಿನ ಕೆಫೆಗಳಲ್ಲಿ ಬೇಳೆಯ ಸೂಪು ಎಲ್ಲೆಡೆ ಇದೆ, ಗಟ್ಟಿಯಾಗಿ, ಬಿಸಿಯಾಗಿ ಬರುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಅದನ್ನು ಹಂದಿಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಬೇಳೆ ಎಂದ ಮಾತ್ರಕ್ಕೆ ಸಸ್ಯಾಹಾರ ಎಂದುಕೊಳ್ಳದೆ, "ಇದು ವೆಜಿಟೇರಿಯನ್ ಸ್ಟಾಕಾ?" ಎಂದು ಪ್ರತಿ ಸಲ ಕೇಳಿ. ಸ್ಕಾಚ್ ಬ್ರಾತ್ ಎಂಬ ಸೂಪಿನಲ್ಲಿ ಕುರಿಮಾಂಸ ಇರುತ್ತದೆ. ಹ್ಯಾಗಿಸ್ ಎಂಬ ಅಲ್ಲಿನ ಹೆಸರಾಂತ ಅಡುಗೆ ಕುರಿಯ ಒಳಾಂಗಗಳದು, ಅದನ್ನೇ ಕಾಳು, ಬೇಳೆ, ಓಟ್ಸ್ ಹಾಕಿ ಸಸ್ಯಾಹಾರಿಯಾಗಿಯೂ ಮಾಡುತ್ತಾರೆ. ಮೆಣಸಿನ ಘಾಟಿದೆ, ನನಗೆ ಬಹಳ ಹಿಡಿಸಿತು. ಸಿಪ್ಪೆಸಹಿತ ಸುಟ್ಟ ದೊಡ್ಡ ಆಲೂಗಡ್ಡೆಯ ಮೇಲೆ ಬೀನ್ಸ್ ಹಾಕಿ ಕೊಡುವುದು ಹೊಟ್ಟೆ ತುಂಬಿಸುತ್ತದೆ. ಶಾರ್ಟ್‌ಬ್ರೆಡ್‌ಗೆ ಬೆಣ್ಣೆ, ಸಕ್ಕರೆ, ಹಿಟ್ಟು ಇಷ್ಟೇ, ಮೊಟ್ಟೆ ಹಾಕುವ ಪದ್ಧತಿಯಿಲ್ಲ. ಫ್ಲಾಸ್ಕ್ ಒಂದು ಒಯ್ಯಿರಿ. ಬೆಳಿಗ್ಗೆ ಶುಂಠಿ ಕಷಾಯ ತುಂಬಿಕೊಂಡು ಹೊರಟರೆ ಮಧ್ಯಾಹ್ನದ ಚಳಿಗೆ ಅದರಷ್ಟು ಹಿತ ಇನ್ನೊಂದಿಲ್ಲ.

ಪ್ರಶ್ನೆ: ಮೇ ತಿಂಗಳಲ್ಲಿ ಹೋದರೆ ಮಳೆ, ಚಳಿ ತಪ್ಪುತ್ತದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಚಳಿ ಕಡಿಮೆ, ಹಗಲು ಹದಿನಾರು ಗಂಟೆಯ ಆಸುಪಾಸು. ಆದರೆ ಅಲ್ಲಿನವರು 'ಹಾರ್' ಎನ್ನುವ ಸಮುದ್ರದ ಮಂಜು ಬರುವ ಕಾಲ ಅದೇ. ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಬರುವಾಗ ಮಂಜಾಗಿ ಊರಿನೊಳಗೆ ನುಗ್ಗುತ್ತದೆ. ಅಂಥ ದಿನ ರೈಲು ಹತ್ತಿ ಪಶ್ಚಿಮಕ್ಕೆ ಲಿನ್‌ಲಿತ್‌ಗೊ ಅಥವಾ ಸ್ಟರ್ಲಿಂಗ್ ಕಡೆ ಹೋಗಿ. ಕರಾವಳಿಯಿಂದ ಸ್ವಲ್ಪ ದೂರ ಸರಿದರೆ ಹಲವು ಸಲ ಬಿಸಿಲು ಇರುತ್ತದೆ. ಸ್ವೆಟರ್ ಮಾತ್ರ ಬಿಟ್ಟು ಹೋಗಬೇಡಿ.

ಪ್ರಶ್ನೆ: ಎಡಿನ್‌ಬರೊದಲ್ಲಿ ನಮ್ಮ ಕಡೆಗೆ ಸಂಬಂಧಪಟ್ಟದ್ದು ಏನಾದರೂ ಇದೆಯೇ? ಮಕ್ಕಳಿಗೆ ತೋರಿಸೋಣವೆಂದು.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಪ್ರಶ್ನೆ ಓದಿ ನನಗೆ ಆದ ಸಂತೋಷ ಹೇಳತೀರದು. ಇದೆ, ಅದೂ ನಿಮ್ಮ ಶಿವಮೊಗ್ಗದ್ದೇ.

1800-01ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿ ನಮ್ಮ ಬೇಸಾಯ, ಬೆಳೆ, ಜನಜೀವನವನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ವೈದ್ಯಕೀಯ ಓದಿದ್ದು ಎಡಿನ್‌ಬರೊದಲ್ಲಿ. ಅವನ ನಂತರ ಬಂದವನು ಹ್ಯೂ ಕ್ಲೆಗಾರ್ನ್. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿ, 1840ರ ದಶಕದ ನಡುವೆ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರಾಗಿ ಶಿವಮೊಗ್ಗಕ್ಕೆ ಬಂದ. ದಿನಕ್ಕೆ ಕಾಲು ಗಂಟೆಯಾದರೂ ಒಂದು ಗಿಡವನ್ನು ಗಮನವಿಟ್ಟು ನೋಡು ಎಂದು ಹಿರಿಯ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಅವನಿಗೆ ಹೇಳಿದ್ದನಂತೆ. ಶಿವಮೊಗ್ಗದಲ್ಲಿ ಅವನು ಮರಾಠಿ ಚಿತ್ರಕಾರನೊಬ್ಬನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದ. ನಮ್ಮ ಬೇಲಿಯ ಗಿಡ, ನಮ್ಮ ಕಾಡಿನ ಹೂ. ಮುಂದೆ ಅವನೇ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡು ಕಡಿದು ಸುಟ್ಟು ಆ ಜಾಗದಲ್ಲಿ ಬೆಳೆ ತೆಗೆಯುವ ಕುಮರಿ ಬೇಸಾಯದ ವಿರುದ್ಧ ಅವನು ಬರೆದದ್ದರಿಂದ ಕಾಡು ಎಷ್ಟು ಉಳಿಯಿತು, ಕುಮರಿಯನ್ನೇ ನಂಬಿದ್ದ ನಮ್ಮ ಬಡಜನ ಎಷ್ಟು ಕಳೆದುಕೊಂಡರು, ಎರಡನ್ನೂ ಮಕ್ಕಳಿಗೆ ಹೇಳಿ.

ಅವನ ಸಂಗ್ರಹದ ಸಾವಿರಾರು ಚಿತ್ರಗಳು ಈಗ ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ತೋಟಕ್ಕೆ ಟಿಕೆಟ್ ಇಲ್ಲ. ಗಾಜಿನ ಮನೆಗಳ ದುರಸ್ತಿ ಬಹುಕಾಲದಿಂದ ನಡೆಯುತ್ತಿದೆ, ತೆರೆದಿವೆಯೇ ಎಂದು ಮೊದಲೇ ವಿಚಾರಿಸಿ. ನಾವು ಹೋದ ದಿನ ಸೋನೆ ಹಿಡಿದಿತ್ತು, ಅತ್ತೆ ಉಣ್ಣೆ ಶಾಲು ಹೊದ್ದು ಒಂದೊಂದು ಗಿಡದ ಮುಂದೂ ನಿಂತರು. ಚಿತ್ರಗಳನ್ನು ಗೋಡೆಗೆ ತೂಗುಹಾಕಿಲ್ಲ, ಅವು ಅಲ್ಲಿನ ಗ್ರಂಥಾಲಯದ ಭಂಡಾರದಲ್ಲಿವೆ. ಈ ವಿಷಯ ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ. ನೀವು ಹೊರಡುವ ತಿಂಗಳ ಮೊದಲೇ ಗ್ರಂಥಾಲಯಕ್ಕೆ ಇಮೇಲ್ ಬರೆಯಿರಿ. ನಾವು ಶಿವಮೊಗ್ಗದವರು, ನಮ್ಮೂರಿನ ಗಿಡಗಳ ಚಿತ್ರ ನೋಡಲು ಬರುತ್ತೇವೆ, ಅವಕಾಶ ಕೊಡುವಿರಾ ಎಂದು ಕೇಳಿ. ನೋಡಲು ಸಿಕ್ಕರೆ ಯಾವ ಯಾವ ಗಿಡ ಗುರುತು ಹಿಡಿದಿರಿ, ಕನ್ನಡದಲ್ಲಿ ಅವಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ, ಎಲ್ಲವನ್ನೂ ನನಗೆ ಬರೆದು ಕಳಿಸಿ.