ಓದುಗರ ಪ್ರಶ್ನೆ, ನಮ್ಮ ಉತ್ತರ: ಎವರೆಸ್ಟ್‌ಗೆ ಹೊರೆ ಹೊತ್ತ ಕಾಂಛಾ ಶೆರ್ಪಾ

ಕಾಂಛಾ ಶೆರ್ಪಾ ತೀರಿಕೊಂಡ ಸುದ್ದಿ ಓದಿ ಹಲವರು ಪ್ರಶ್ನೆ ಕಳಿಸಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು.

1953ರ ಎವರೆಸ್ಟ್ ತಂಡದ ಕೊನೆಯ ವ್ಯಕ್ತಿ ಹೋದರು ಅಂತ ಓದಿದೆ. ಶಾಲೆಯಲ್ಲಿ ನಾವು ಕಲಿತಿದ್ದು ಹಿಲರಿ ಮತ್ತು ತೇನ್‌ಸಿಂಗ್ ಹೆಸರು ಮಾತ್ರ. ಇವರು ಯಾರು?
ಓದುಗರು, ಹಾಸನ

ಕಾಂಛಾ ಶೆರ್ಪಾ ಹುಟ್ಟಿದ್ದು 1933ರಲ್ಲಿ, ನೇಪಾಳದ ನಾಮ್ಚೆಯಲ್ಲಿ. ಎವರೆಸ್ಟ್ ಬುಡಕ್ಕೆ ಹೋಗುವವರು ಈಗಲೂ ಎರಡು ರಾತ್ರಿ ತಂಗಿ ಉಸಿರು ಸರಿಮಾಡಿಕೊಳ್ಳುವ ಊರು ಅದು, ಸುಮಾರು 3,440 ಮೀಟರ್ ಎತ್ತರದಲ್ಲಿದೆ. ಹತ್ತೊಂಬತ್ತರ ಹುಡುಗ ಕೆಲಸ ಹುಡುಕಿಕೊಂಡು ಮನೆ ಬಿಟ್ಟು ಡಾರ್ಜಿಲಿಂಗ್‌ಗೆ ಓಡಿಹೋದ. ಡಾರ್ಜಿಲಿಂಗ್‌ಗೇ ಯಾಕೆ ಅಂದರೆ, ಆಗೆಲ್ಲ ಪರ್ವತಾರೋಹಣದ ಕೂಲಿ ಸಿಗುತ್ತಿದ್ದದ್ದು ಅಲ್ಲಿ. 1949ರ ಸುಮಾರಿನವರೆಗೆ ನೇಪಾಳ ಹೊರಗಿನವರಿಗೆ ಬಾಗಿಲು ತೆರೆದಿರಲಿಲ್ಲ, ಅದಕ್ಕೂ ಮೊದಲಿನ ಬ್ರಿಟಿಷ್ ತಂಡಗಳು ಡಾರ್ಜಿಲಿಂಗ್‌ನಲ್ಲಿ ಶೆರ್ಪಾಗಳನ್ನು ಕೂಡಿಸಿಕೊಂಡು ಟಿಬೆಟ್ ಕಡೆಯಿಂದ ಎವರೆಸ್ಟ್‌ಗೆ ಹೋಗುತ್ತಿದ್ದವು.

ಡಾರ್ಜಿಲಿಂಗ್‌ನಲ್ಲಿ ತೇನ್‌ಸಿಂಗ್ ನೋರ್ಗೆ ಇದ್ದರು. ಅವರಿಗೆ ಕಾಂಛಾ ಅವರ ತಂದೆಯ ಪರಿಚಯವಿತ್ತು. ಹುಡುಗ ಅವರ ಮನೆಯಲ್ಲೇ ಉಳಿದ, ಮನೆಗೆಲಸ ಮಾಡಿಕೊಂಡಿದ್ದ. ಆಮೇಲೆ ತೇನ್‌ಸಿಂಗ್ ಅವರೇ 1953ರ ತಂಡಕ್ಕೆ ಸೇರಿಸಿದರು. ಹಿಮದ ಮೇಲೆ ನಡೆದು ಅನುಭವವಿಲ್ಲ, ತರಬೇತಿಯೂ ಇಲ್ಲ, ಮೊದಲ ಕೆಲಸವೇ ಎವರೆಸ್ಟ್. ಆ ಹುಡುಗ 8,000 ಮೀಟರ್ ಆಸುಪಾಸಿನ ಶಿಬಿರದವರೆಗೆ ಹೊರೆ ಹೊತ್ತು ಹೋದ. 2025ರ ಅಕ್ಟೋಬರ್ 16ರಂದು ಕಠ್ಮಂಡುವಿನಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ತುದಿ ಮುಟ್ಟದವರನ್ನು ಪರ್ವತಾರೋಹಣದ ದಂತಕಥೆ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ? ಹೊರೆ ಹೊತ್ತವರು ಎಷ್ಟೋ ಜನ ಇದ್ದಾರೆ.
ಓದುಗರು, ದಾವಣಗೆರೆ

ಜಾಸ್ತಿ ಆಗಲಿಲ್ಲ, ನನ್ನ ಪ್ರಕಾರ ಇನ್ನೂ ಕಡಿಮೆಯೇ ಆಯ್ತು. ಆವತ್ತಿನ ಕೆಲಸ ಹೇಗಿತ್ತು ಅಂತ ಹೇಳ್ತೀನಿ, ಆಮೇಲೆ ನೀವೇ ನೋಡಿ.

ಈಗ ವಿಮಾನದಲ್ಲಿ ಲುಕ್ಲಾಗೆ ಇಳಿದು ಎರಡು ದಿನ ನಡೆದರೆ ನಾಮ್ಚೆ. ಲುಕ್ಲಾದ ಆ ವಿಮಾನಪಟ್ಟಿ ಆಗಿದ್ದೇ 1964ರಲ್ಲಿ, ಹಿಲರಿಯವರ ಮುತುವರ್ಜಿಯಿಂದ. 1953ರಲ್ಲಿ ಕಠ್ಮಂಡು ಕಣಿವೆ ದಾಟಿದರೆ ರಸ್ತೆಯೇ ಇರಲಿಲ್ಲ. 350ಕ್ಕೂ ಹೆಚ್ಚು ಕೂಲಿಗಳು ಎರಡು ವಾರಕ್ಕೂ ಮೀರಿ ನಡೆದರು. ಒಬ್ಬೊಬ್ಬರ ಬೆನ್ನ ಮೇಲೆ ಸುಮಾರು 27 ಕಿಲೋ, ಅಂದರೆ ನಮ್ಮ ಅಕ್ಕಿ ಮೂಟೆಯ ಅರ್ಧಕ್ಕಿಂತ ಜಾಸ್ತಿ. ಆ ಭಾರ ನಿಲ್ಲುವುದು ಹಣೆಗೆ ಕಟ್ಟಿದ ಪಟ್ಟಿಯ ಮೇಲೆ, ಹೆಗಲ ಮೇಲಲ್ಲ. ಕತ್ತು ಬಗ್ಗಿಸಿ ಹೆಜ್ಜೆ ನೋಡಿಕೊಂಡೇ ನಡೆಯಬೇಕು. ಅದರಲ್ಲೂ ಕೆಲವರು ಹೊತ್ತಿದ್ದು ಬರೀ ದುಡ್ಡಿನ ಪೆಟ್ಟಿಗೆ! ಗುಡ್ಡದ ಹಳ್ಳಿಗಳಲ್ಲಿ ನೋಟು ನಡೆಯುತ್ತಿರಲಿಲ್ಲ, ಕೂಲಿ ಕೊಡಲು ನಾಣ್ಯಗಳೇ ಬೇಕಿತ್ತು.

ಬುಡದ ಶಿಬಿರ ದಾಟಿದರೆ ಖುಂಬು ಹಿಮಪಾತ (ಐಸ್‌ಫಾಲ್). ಹಿಮನದಿ ಇಳಿಜಾರಿನಲ್ಲಿ ಒಡೆದು ಮನೆ ಗಾತ್ರದ ಗಡ್ಡೆಗಳಾಗಿ ನಿಂತಿರುವ ಜಾಗ ಅದು. ಗಡ್ಡೆಗಳ ನಡುವೆ ತಳ ಕಾಣದ ಬಿರುಕುಗಳು, ಜೊತೆಗೆ ಇಡೀ ನೆಲ ನಿಧಾನಕ್ಕೆ ಕೆಳಗೆ ಸರಿಯುತ್ತಾ ಇರುತ್ತದೆ. ಇವತ್ತು ಅಲ್ಲಿ ಅಲ್ಯೂಮಿನಿಯಂ ಏಣಿ ಹಾಕಿ ದಾರಿ ಮಾಡುವುದಕ್ಕೇ ಬೇರೆ ಶೆರ್ಪಾ ತಂಡ ಇದೆ. ಆವತ್ತು ಏನಾಯ್ತು ಅಂತ ಕಾಂಛಾ ಅವರೇ ಮುಪ್ಪಿನಲ್ಲಿ ಹೇಳುತ್ತಿದ್ದರು: ಒಂದು ದೊಡ್ಡ ಬಿರುಕು ಎದುರಾಯಿತು, ದಾಟುವ ದಾರಿ ಇರಲಿಲ್ಲ. ಮತ್ತೆ ನಾಮ್ಚೆಯವರೆಗೆ ಇಳಿದು, ಹತ್ತು ಮರ ಕಡಿದು, ದಿಮ್ಮಿಗಳನ್ನು ಬೆನ್ನ ಮೇಲೆ ಹೊತ್ತು ತಂದು ಸೇತುವೆ ಮಾಡಿದರು. ಬುಡದ ಶಿಬಿರದ ಹತ್ತಿರ ಮರವೇ ಬೆಳೆಯುವುದಿಲ್ಲ, ಕಲ್ಲು ಮತ್ತು ಹಿಮ ಅಷ್ಟೇ. ಹಸಿ ಮರದ ದಿಮ್ಮಿ ಹೊತ್ತು ಸುಮಾರು ಎರಡು ಸಾವಿರ ಮೀಟರ್ ಮೇಲೇರಿದ್ದು ಇಪ್ಪತ್ತರ ಆಸುಪಾಸಿನ ಹುಡುಗರು, ದಿನಕ್ಕೆ ಕೆಲವೇ ರೂಪಾಯಿ ಕೂಲಿಗೆ. ಆ ಸೇತುವೆಯ ಮೇಲೆ ಹಿಲರಿಯೂ ನಡೆದರು, ತೇನ್‌ಸಿಂಗ್ ಅವರೂ ನಡೆದರು.

ಹೊಸ ದಾರಿ ಮಾಡಿದವರನ್ನೇ ತಾನೇ ನಾವು ಆದ್ಯರು ಅನ್ನೋದು?

ಇಬ್ಬರು ತುದಿ ಮುಟ್ಟಲು ಅಷ್ಟೊಂದು ಜನ ಯಾಕೆ ಬೇಕಿತ್ತು?
ಕಾಲೇಜು ವಿದ್ಯಾರ್ಥಿನಿ, ಮೈಸೂರು

ಒಳ್ಳೆ ಪ್ರಶ್ನೆ. ಇಬ್ಬರು 8,500 ಮೀಟರ್‌ನಲ್ಲಿ ಒಂದು ರಾತ್ರಿ ಮಲಗಬೇಕು ಅಂದುಕೊಳ್ಳಿ. ಟೆಂಟು, ಸ್ಟವ್, ಸೀಮೆಎಣ್ಣೆ, ಊಟ, ಆಮ್ಲಜನಕದ ಸಿಲಿಂಡರ್ ಎಲ್ಲವೂ ಅಲ್ಲಿರಬೇಕು. ಅದನ್ನು ತಂದವರೂ ಕೆಳಗಿನ ಶಿಬಿರದಲ್ಲಿ ಮಲಗಿ, ಉಂಡು, ಹಿಮ ಕರಗಿಸಿ ನೀರು ಕುಡಿಯಬೇಕು. ಅವರಿಗೆ ಬೇಕಾದ್ದನ್ನು ಅದಕ್ಕಿಂತ ಕೆಳಗಿನವರು ತರಬೇಕು. ಹೀಗೆ ಕೆಳಗೆ ಬಂದಷ್ಟೂ ಜನ ಜಾಸ್ತಿ. 1953ರಲ್ಲಿ ಒಂಬತ್ತು ಶಿಬಿರ ಹಾಕಿದ್ದರು. ಮೇ 26ರಂದು ಮೊದಲ ಜೋಡಿ, ಬೋರ್ಡಿಲನ್ ಮತ್ತು ಇವಾನ್ಸ್, ತುದಿಗೆ ನೂರು ಮೀಟರ್‌ನಷ್ಟೇ ಬಾಕಿ ಇದ್ದಾಗ ವಾಪಸ್ಸಾದರು. ಎರಡನೇ ಜೋಡಿ ಹೊರಡುವ ಹೊತ್ತಿಗೆ ಹೊರೆ ಹೊರಬೇಕಿದ್ದ ಮೂವರು ಶೆರ್ಪಾಗಳಲ್ಲಿ ಇಬ್ಬರಿಗೆ ಆರೋಗ್ಯ ಕೈಕೊಟ್ಟಿತ್ತು. ಉಳಿದವರು ಆಂಗ್ ನ್ಯಿಮಾ ಒಬ್ಬರೇ. ಅವರ ಜೊತೆ ತಂಡದ ಆರೋಹಿಗಳಾದ ಲೋ ಮತ್ತು ಗ್ರೆಗರಿ ಸಾಮಾನು ಹೊತ್ತರು, ಹಿಲರಿ ಮತ್ತು ತೇನ್‌ಸಿಂಗ್ ಕೂಡ ತಮ್ಮ ಪಾಲು ಹೊತ್ತುಕೊಂಡೇ ಹತ್ತಿದರು. ಮರುದಿನ, ಮೇ 29ರಂದು, ಬೆಳಗ್ಗೆ ಹನ್ನೊಂದೂವರೆಗೆ ಇಬ್ಬರೂ ತುದಿಯಲ್ಲಿದ್ದರು.

ಶೆರ್ಪಾ ಅಂದರೆ ಕೆಲಸದ ಹೆಸರಾ, ಜಾತಿಯ ಹೆಸರಾ? ಕಾಂಛಾ ಅಂದರೇನು?
ಏಳನೇ ತರಗತಿ ವಿದ್ಯಾರ್ಥಿ, ಶಿರಸಿ

ಪುಟ್ಟ, ಅದೊಂದು ಜನಾಂಗದ ಹೆಸರು. ‘ಶರ್’ ಅಂದರೆ ಪೂರ್ವ, ‘ಪಾ’ ಅಂದರೆ ಜನ, ಪೂರ್ವದಿಂದ ಬಂದವರು ಅಂತ ಅರ್ಥ. ಅವರ ಹಿರಿಯರು ಟಿಬೆಟ್ ಕಡೆಯಿಂದ ಬಂದವರು. ಎಷ್ಟೋ ಶೆರ್ಪಾ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರು: ಭಾನುವಾರ ನಿಮಾ, ಸೋಮವಾರ ದಾವಾ, ಶುಕ್ರವಾರ ಪಾಸಾಂಗ್, ಶನಿವಾರ ಪೆಂಬಾ. ಕಾಂಛಾ ಅನ್ನೋದು ನೇಪಾಳಿ ಮಾತು. ನಮ್ಮಲ್ಲಿ ಕಿರಿಯ ಮಗನನ್ನು ‘ಚಿಕ್ಕೋನು’ ಅಂತ ಕರೀತೀವಲ್ಲ, ಹಾಗೆ.

ಅಷ್ಟು ವರ್ಷ ಪರ್ವತದಲ್ಲಿ ದುಡಿದೂ ಅವರು ಒಮ್ಮೆಯೂ ತುದಿಗೆ ಹೋಗಲಿಲ್ಲವೇ?
ನಿವೃತ್ತ ಶಿಕ್ಷಕಿ, ಧಾರವಾಡ

ಇಲ್ಲ ಮೇಡಂ. ಸುಮಾರು ಇಪ್ಪತ್ತು ವರ್ಷ ತಂಡಗಳ ಜೊತೆ ಹೋದರು, ಆದರೆ ತುದಿಗೆ ಹೋಗುವುದು ತೀರಾ ಅಪಾಯ ಅಂತ ಹೆಂಡತಿ ಒಪ್ಪಲಿಲ್ಲ. ಆ ತಾಯಿಯ ಭಯ ಸುಳ್ಳಲ್ಲ. 1970ರಲ್ಲಿ ಜಪಾನಿ ತಂಡದ ಜೊತೆ ಹೋದ ಆರು ಶೆರ್ಪಾಗಳು ಖುಂಬು ಹಿಮಪಾತದಲ್ಲಿ ಒಟ್ಟಿಗೇ ಸತ್ತರು. ಕಾಂಛಾ ತಮ್ಮ ಮಕ್ಕಳನ್ನೂ ಈ ಕೆಲಸಕ್ಕೆ ಬಿಡಲಿಲ್ಲ. ಎವರೆಸ್ಟ್ ಶೆರ್ಪಾಗಳಿಗೆ ದೇವಿ, ಚೊಮೊಲುಂಗ್ಮಾ. ಆ ದೇವಿಯ ಮೈಮೇಲೆ ಈಗ ಜನ ಜಾಸ್ತಿ, ಗಲೀಜು ಜಾಸ್ತಿ, ಹತ್ತುವವರ ಸಂಖ್ಯೆ ಕಡಿಮೆ ಮಾಡಬೇಕು ಅಂತ 2024ರಲ್ಲೂ ಹೇಳಿದ್ದರು. ಹಾಗಂತ ಪ್ರವಾಸಿಗರನ್ನು ಬೇಡ ಅಂದವರಲ್ಲ. ಪರ್ವತಾರೋಹಣ ಬಂದದ್ದರಿಂದಲೇ ತಮ್ಮ ಜನಕ್ಕೆ ಅನ್ನ ಸಿಕ್ಕಿತು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅವರ ಮನೆಯವರೇ ನಾಮ್ಚೆಯಲ್ಲಿ ಚಿಕ್ಕ ಹೋಟೆಲ್ ನಡೆಸುತ್ತಿದ್ದರು. ಎರಡೂ ಮಾತು ಒಬ್ಬರ ಬಾಯಲ್ಲೇ ಬಂದದ್ದು ನನಗೆ ವಿರೋಧ ಅನ್ನಿಸಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ನಾವು ಐದು ಜನ ಗೆಳೆಯರು ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್ ಹೋಗ್ತಿದ್ದೀವಿ. ಕಾಂಛಾ ಅವರ ನೆನಪಿಗೆ ಅಲ್ಲಿ ಏನಾದರೂ ಮಾಡಬಹುದಾ?
ಓದುಗರು, ಬೆಂಗಳೂರು

ಖಂಡಿತ. ನಾಮ್ಚೆಯಲ್ಲಿ ಸುಮ್ನೆ ಒಂದು ರಾತ್ರಿ ಮಲಗಿ ಓಡಬೇಡಿ, ಎರಡು ದಿನ ಇರಿ, ದೇಹಕ್ಕೂ ಅದೇ ಒಳ್ಳೆಯದು. ಕೂಲಿ ಗೊತ್ತುಮಾಡುವಾಗ ಅವರಿಗೆ ಬೆಚ್ಚನೆಯ ಬಟ್ಟೆ, ಒಳ್ಳೆ ಶೂ, ವಿಮೆ ಇದೆಯಾ ಅಂತ ಏಜೆನ್ಸಿಯವರನ್ನು ಬಾಯಿಬಿಟ್ಟು ಕೇಳಿ. ನಿಮ್ಮ ಐದು ಬ್ಯಾಗ್ ಸೇರಿಸಿ ಒಬ್ಬರ ಮೇಲೆ ಹೇರಬೇಡಿ. ದಾರಿಯಲ್ಲಿ ಹೊರೆ ಹೊತ್ತವರು ಎದುರು ಬಂದರೆ ಕಣಿವೆಯ ಅಂಚಿಗೆ ಹೋಗದೆ ಗುಡ್ಡದ ಕಡೆ ಒತ್ತಿ ನಿಂತು, ಅವರು ದಾಟುವವರೆಗೆ ಕಾಯಿರಿ.