ಊಟಿ ಪ್ಲಾನ್: ಮೊದಲ ರಾತ್ರಿ ಮೈಸೂರಲ್ಲೇ ಉಳಿಯಿರಿ ಸರ್

ಸರ್, ನಿಮ್ಮ ಪ್ಲಾನ್ ನೋಡಿ ಸುಮ್ನೆ ಇರಲು ಆಗಲಿಲ್ಲ. ಶುಕ್ರವಾರ ಸಂಜೆ 4ಕ್ಕೆ ಬೆಂಗಳೂರು ಬಿಟ್ಟು ರಾತ್ರಿಗೆ ಮಸಿನಗುಡಿ, ಮಾರನೇ ದಿನ ಊಟಿ, ಆಮೇಲೆ ಕೊಡೈಕೆನಾಲ್, ಮುನ್ನಾರ್, ವಯನಾಡು, ಏಳನೇ ದಿನ ಮನೆ. ಎರ್ಟಿಗಾದಲ್ಲಿ ನಿಮ್ಮ ಅಪ್ಪ ಅಮ್ಮ, ಇಬ್ಬರು ಮಕ್ಕಳು ಸೇರಿ ಆರು ಜನ. ಆ ಮೊದಲ ಸಂಜೆಯೇ ಕೈಕೊಡುತ್ತದೆ. ನಾನೂ ಹೀಗೇ ಹೊರಟಿದ್ದೆ.

ಕೆಂಗೇರಿ ದಾಟುವಷ್ಟರಲ್ಲೇ ಕತ್ತಲಾಯಿತು. ಮಂಡ್ಯದ ಹತ್ತಿರ ಮಕ್ಕಳಿಗೆ ಹಸಿವು ಅಂತ ನಿಲ್ಲಿಸಿದೆವು. ಬಂಡೀಪುರ ಕಾಡು ಶುರುವಾಗುವ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ 9 ಗಂಟೆ 10 ನಿಮಿಷ. ಗೇಟು ಹಾಕಿಯಾಗಿತ್ತು. ಮುಂದೆ ಲಾರಿಗಳ ಸಾಲು, ಡ್ರೈವರ್‌ಗಳು ಆಗಲೇ ಒಲೆ ಹಚ್ಚಿ ಅನ್ನಕ್ಕೆ ಇಟ್ಟಿದ್ದರು. ಹತ್ತು ನಿಮಿಷ ತಾನೇ, ಬಿಡಿ ಅಂತ ಕೇಳಿಕೊಂಡೆ. ಗಾರ್ಡ್ ನಿಧಾನವಾಗಿ ಹೇಳಿದ, "ನಿಮ್ಮ ಹತ್ತು ನಿಮಿಷ ಆನೆಗೆ ಗೊತ್ತಾಗಲ್ಲ ಸರ್." ಅವನು ಹೇಳಿದ್ದು ಸರಿ. ವಾಪಸ್ ಗುಂಡ್ಲುಪೇಟೆಗೆ ಬಂದರೆ ಮೂರು ಲಾಡ್ಜ್‌ಗಳಲ್ಲೂ ರೂಮಿಲ್ಲ. ಪೆಟ್ರೋಲ್ ಬಂಕ್ ಮೂಲೆಯಲ್ಲಿ ಕಾರಿನಲ್ಲೇ ಮಲಗಿದೆವು. ಬೆಳಿಗ್ಗೆ ಅಮ್ಮನ ಕಾಲು ಎಷ್ಟು ಊದಿತ್ತು ಅಂದರೆ ಚಪ್ಪಲಿಯೊಳಗೆ ಹೋಗಲಿಲ್ಲ. ಆ ಟ್ರಿಪ್ ಮುಗಿಯುವವರೆಗೂ ಅವರು ಎಲ್ಲಿಯೂ ಸರಿಯಾಗಿ ನಡೆಯಲಿಲ್ಲ.

ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಿಂದ ಇರುವ ನಿಯಮ. ಊಟಿ ರಸ್ತೆಗೂ ಅಷ್ಟೇ, ಸುಲ್ತಾನ್ ಬತ್ತೇರಿ ರಸ್ತೆಗೂ ಅಷ್ಟೇ. ಅಂದರೆ ಕೊನೇ ದಿನ ವಯನಾಡಿನಿಂದ ಹೊರಡುವುದು ತಡವಾದರೂ ಇದೇ ಕಥೆ. ಹಾಗಾಗಿ ಶುಕ್ರವಾರ ಮೈಸೂರಲ್ಲೇ ಮಲಗಿ. ಬೆಳಿಗ್ಗೆ 5ಕ್ಕೆ ಹೊರಟರೆ ಬೆಳಕು ಹರಿಯುವ ಹೊತ್ತಿಗೆ ಕಾಡಿನಲ್ಲಿರುತ್ತೀರಿ. ರಸ್ತೆ ಪಕ್ಕದಲ್ಲೇ ಜಿಂಕೆ, ನವಿಲು ಕಾಣಿಸುತ್ತವೆ. ಆದರೆ ಫೋಟೋ ತೆಗೆಯಲು ಇಳಿಯಬೇಡಿ, ಬಾಳೆಹಣ್ಣು ಎಸೆಯಬೇಡಿ. ದಯವಿಟ್ಟು.

ಇನ್ನು ಕೊಡೈ, ಮುನ್ನಾರ್ ಎರಡನ್ನೂ ತೆಗೆದುಬಿಡಿ. ಮ್ಯಾಪ್‌ನಲ್ಲಿ ಅವೆರಡು ಅಕ್ಕಪಕ್ಕ ಕಾಣುತ್ತವೆ, ಆದರೆ ಕಾಡಿನೊಳಗಿನ ಹಳೇ ರಸ್ತೆ ಎಂದೋ ಮುಚ್ಚಿದೆ. ಬತ್ತಲಗುಂಡು, ತೇನಿ, ಬೋಡಿ ಅಂತ ಪೂರ್ತಿ ಬೆಟ್ಟ ಇಳಿದು ಮತ್ತೆ ಹತ್ತಬೇಕು. ದಿನಾ ಹೊಸ ರೂಮು, ದಿನಾ ಬ್ಯಾಗ್ ಕಟ್ಟುವುದು, ವಯಸ್ಸಾದವರಿಗೆ ಇದು ಶಿಕ್ಷೆ. ನಾನೀಗ ವಾರಕ್ಕೆ ಎರಡೇ ಕಡೆ ಉಳಿಯುತ್ತೇನೆ. ಕೂನೂರು ಅಥವಾ ಕೋಟಗಿರಿಯಲ್ಲಿ ನಾಲ್ಕು ರಾತ್ರಿ, ವಾಪಸ್ ಬರುವಾಗ ಮೈಸೂರಲ್ಲಿ ಒಂದು. ಊಟಿ ಪೇಟೆಯಲ್ಲಿ ರೂಮು ಬೇಡ, ಪಾರ್ಕಿಂಗ್‌ಗೇ ಅರ್ಧ ದಿನ ಹೋಗುತ್ತದೆ. ಕೂನೂರಿನಿಂದ ಊಟಿಗೆ ಪುಟಾಣಿ ರೈಲು ಹತ್ತಿಸಿ, ಮಕ್ಕಳಿಗೂ ಅಜ್ಜ ಅಜ್ಜಿಗೂ ಖುಷಿ. ಟಿಕೆಟ್ ಮಾತ್ರ ಮುಂಚೆಯೇ ಮಾಡಿಸಿ.

ಹತ್ತುವಾಗ ಮಸಿನಗುಡಿಯಿಂದ ನೇರ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿ ಬೇಡ. 36 ಹೇರ್‌ಪಿನ್ ತಿರುವು, ಪೂರ್ತಿ ಲೋಡ್ ಇರುವ ಕಾರು ಫಸ್ಟ್ ಗೇರಿನಲ್ಲೇ ನರಳುತ್ತದೆ. ಗೂಡಲೂರು ದಾರಿ ಸುಮಾರು 30 ಕಿ.ಮೀ. ಜಾಸ್ತಿ, ಆದರೂ ಅದೇ ವಾಸಿ. ಇಳಿಯುವಾಗಂತೂ ಕಲ್ಹಟ್ಟಿಯಲ್ಲಿ ಹೊರಗಿನ ಗಾಡಿ ಬಿಡುವುದೇ ಇಲ್ಲ, ಬ್ರೇಕ್ ಸೋತು ಅಷ್ಟು ಅಪಘಾತ ಆಗಿವೆ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಕಡಿದಾದ ಕಡೆ ಸೆಕೆಂಡ್. ಆಟೋಮ್ಯಾಟಿಕ್ ಆದರೆ ಡಿ (ಡ್ರೈವ್) ಬಿಟ್ಟು ಕೆಳಗಿನ ಗೇರಿಗೆ ಹಾಕಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಹಿಂದೆ ಮಕ್ಕಳು ಕೂತಿರುತ್ತಾರಲ್ವಾ? ಸುಟ್ಟ ವಾಸನೆ ಬಂದರೆ ಅಥವಾ ಬ್ರೇಕ್ ಪೆಡಲ್ ಮೆತ್ತಗಾದರೆ ಅಗಲ ಇರುವ ಕಡೆ ನಿಲ್ಲಿಸಿ, ಅರ್ಧ ಗಂಟೆ ಬಿಡಿ. ಕಾದ ಡಿಸ್ಕ್ ಮೇಲೆ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ. ಎದುರಿನ ಗಾಡಿ ಹತ್ತಿ ಬರುತ್ತಿದ್ದರೆ ಅದಕ್ಕೇ ಮೊದಲು ದಾರಿ.

ಇ-ಪಾಸ್, ಅಂದರೆ ಗಾಡಿಗೆ ಆನ್‌ಲೈನ್‌ನಲ್ಲಿ ಮಾಡಿಸುವ ಪ್ರವೇಶ ಪಾಸ್, ಮರೆಯಬೇಡಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ, ಕೂನೂರು ಇರುವ ನೀಲಗಿರಿ ಜಿಲ್ಲೆಗೆ ಬಂದ ವ್ಯವಸ್ಥೆ ಇದು. ಸೀಸನ್‌ನಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿಯೂ ಇರುತ್ತದೆ, ಆದ್ದರಿಂದ ರೂಮು ಬುಕ್ ಮಾಡಿದ ದಿನವೇ ಪಾಸೂ ಮಾಡಿಸಿ. ಪ್ಲಾಸ್ಟಿಕ್ ನೀರಿನ ಬಾಟಲಿ ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲೇ ತೆಗೆಸುತ್ತಾರೆ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಬಿಸಿನೀರಿಗೆ ನನ್ನ ಮಟ್ಟಿಗೆ ಮಿಲ್ಟನ್ ಫ್ಲಾಸ್ಕ್, ಆರು ವರ್ಷ ಆಯಿತು, ಇನ್ನೂ ಗಟ್ಟಿಯಾಗಿದೆ.

ಸೀಟಿನ ವಿಷಯ. ಮಕ್ಕಳನ್ನು ಮೂರನೇ ಸಾಲಿಗೆ ಹಾಕಬೇಡಿ, ಘಾಟಿಯಲ್ಲಿ ವಾಂತಿ ಗ್ಯಾರಂಟಿ. ನಿಮ್ಮ ಮನೆಯವರು ಹಿಂದೆ ಕೂರಲಿ, ಅಪ್ಪ ಮುಂದೆ, ಅಮ್ಮ ಮತ್ತು ಮಕ್ಕಳು ಮಧ್ಯ. ಮೂರನೇ ಸಾಲಿನ ಒಂದು ಭಾಗ ಮಡಚಿ ಅಲ್ಲೇ ಲಗೇಜ್ ಇಡಿ, ಕ್ಯಾರಿಯರ್ ಮೇಲೆ ಭಾರ ಹೇರಬೇಡಿ, ತಿರುವಿನಲ್ಲಿ ಗಾಡಿ ವಾಲುತ್ತದೆ. ಮಕ್ಕಳ ಕೈಗೆ ಫೋನ್ ಕೊಡಬೇಡಿ. ಕಣ್ಣಿಗೆ ಪರದೆ ನಿಂತ ಹಾಗೆ, ಕಿವಿಯೊಳಗೆ ಮೈ ತಿರುಗಿದ ಹಾಗೆ, ಅದಕ್ಕೇ ಹೊಟ್ಟೆ ತೊಳಸುವುದು. ತಿಂಡಿಗೆ ಪೂರಿ ಬೇಡ, ಎರಡು ಇಡ್ಲಿ ಸಾಕು.

ಟೈರ್ ಗಾಳಿ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್ ನೋಡಿ ಫುಲ್ ಲೋಡ್ ಲೆಕ್ಕಕ್ಕೆ ಹಾಕಿಸಿ, ಟೈರ್ ತಣ್ಣಗಿದ್ದಾಗ. ಬದಲಾಯಿಸುವುದಿದ್ದರೆ ನನಗೆ ಮಳೆ ರಸ್ತೆಗೆ ಮಿಶೆಲಿನ್ ಇಷ್ಟ, ಬಾಳಿಕೆಗೆ ಎಂಆರ್‌ಎಫ್. ಹೊಸ ಟೈರ್ ಹಾಕಿಸಿದ ಮಾರನೇ ದಿನವೇ ಘಾಟಿಗೆ ಹೋಗಬೇಡಿ, ಒಂದು ವಾರ ಊರಲ್ಲಿ ಓಡಿಸಿ. ಸ್ಟೆಪ್ನಿಗೂ ಗಾಳಿ ನೋಡಿಸಿ, ಜಾಕ್ ಎಲ್ಲಿದೆ ಅಂತ ಮನೆಯಲ್ಲೇ ಒಮ್ಮೆ ತೆಗೆದು ನೋಡಿ. ಯಾವ ತಿಂಗಳು ಹೋಗುತ್ತೀರಿ ಅಂತ ಬರೆದಿಲ್ಲ. ಜೂನ್ ನಂತರ ಆದರೆ ಗೂಡಲೂರು ಕಡೆ ಮಳೆ ಜೋರು, ತಿಳಿಸಿ, ಆಗ ಚಾಮರಾಜನಗರ, ಸತ್ಯಮಂಗಲದ ಮೇಲೆ ಹೋಗುವ ದಿಂಬಂ ದಾರಿಯ ವಿವರ ಬರೆಯುತ್ತೇನೆ.