ಮದುವೆಗೆ ಮೂರು ವಾರ ಇರುವಾಗ ಪೀಲ್ ಬೇಡ

ಮದುವೆಗೆ ಮೂರೇ ವಾರ ಇದೆ, ಕೆನ್ನೆ ಮೇಲಿನ ಬಂಗಿಗೆ ಪಾರ್ಲರ್‌ನಲ್ಲಿ ಕೆಮಿಕಲ್ ಪೀಲ್ (ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಮಾಡಿಸಲಾ ಅಂತ ಕೇಳಿದ್ದೀರಿ. ಈಗಂತೂ ಬೇಡ.

ನಾನು ಮಾಡಿಸಿಕೊಂಡು ಅನುಭವಿಸಿದ್ದೇನೆ. ಗ್ಲೈಕೋಲಿಕ್ ಆಸಿಡ್ ಹಚ್ಚಿದ ಹುಡುಗಿ ಫೋನ್ ಬಂತೆಂದು ಹೊರಗೆ ಹೋದಳು. ಆ ಆಸಿಡ್ಡನ್ನು ಹೊತ್ತು ನೋಡಿ ಅಡುಗೆ ಸೋಡಾ ಕಲಸಿದ ನೀರಲ್ಲೋ ತಣ್ಣೀರಲ್ಲೋ ತೊಳೆಯಲೇಬೇಕು, ಇಲ್ಲದಿದ್ದರೆ ಒಳಗಿಳಿಯುತ್ತಲೇ ಇರುತ್ತದೆ. ನಾಲ್ಕನೇ ದಿನ ಸಿಪ್ಪೆ ಎದ್ದಿತು. ಎರಡು ವಾರಕ್ಕೆ ಬಲಗೆನ್ನೆ ಮೇಲೆ ಹುಣಸೆಬೀಜದ ಬಣ್ಣದ ಕಲೆ! ಮಾಸಲು ಎಂಟು ತಿಂಗಳು ಬೇಕಾಯಿತು.

ನಮ್ಮಂಥ ಕಂದು ಚರ್ಮಕ್ಕೆ ಇದೇ ದೊಡ್ಡ ಕಾಟ. ಸ್ವಲ್ಪ ಸುಟ್ಟರೂ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿಯಾಗಿ ಕಪ್ಪಾಗುತ್ತದೆ. ಬಂಗು ತಿಳಿಯಾದರೂ ಬಿಸಿಲಿಗೆ ಮತ್ತೆ ಬರಬಹುದು, ಇದನ್ನು ಪಾರ್ಲರ್‌ನವರು ಹೇಳುವುದಿಲ್ಲ ಅಲ್ವಾ?

ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಮನೆಯಲ್ಲೇ ಹಚ್ಚಿಕೊಳ್ಳುವುದೂ ಬೇಡ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಸಿತ್ತು.

ಸದ್ಯಕ್ಕೆ ಸನ್‌ಸ್ಕ್ರೀನ್ ಸಾಕು. ಮದುವೆ ಮುಗಿದ ಮೇಲೆ ಚರ್ಮದ ಡಾಕ್ಟರಿಗೆ ತೋರಿಸಿ. ಮೊಡವೆಗೆ ಕೊಡುವ ಟ್ರೆಟಿನಾಯಿನ್ ಕ್ರೀಮ್ ಹಚ್ಚುತ್ತಿದ್ದರೆ, ಇಲ್ಲವೇ ತುಟಿ ಮೇಲೆ ಆಗಾಗ ನೀರುಗುಳ್ಳೆ ಏಳುತ್ತಿದ್ದರೆ ಅವರಿಗೆ ಮೊದಲೇ ಹೇಳಿಬಿಡಿ, ಪೀಲ್ ಮಾಡಿಸುವಾಗ ತೊಂದರೆ ಆಗಬಹುದು.